ಎರಡನೆಯ ಗಂಟಿನ ಹನ್ನೊಂದು ನಿಮಿಷ

"ಇಲ್ಲಿ ನೋಡ್ರಿ ಶ್ರೀಶೈಲಪ್ಪನವರ, ಈ ಗೆರಿ ಇಲ್ಲಿಗೆ ಕಡದೈತಿ. ಇಲ್ಲಿಂದ ಮುಂದ ಈ ವಾಚ್ ಕುರುಡ."

ಪಿಎಸ್‌ಐ ಪಲ್ಲವಿ ಸತ್ತವನ ಗಡಿಯಾರ ಬರೆದಿಟ್ಟ ಆಳದ ನಕ್ಷೆ ತೆರೆದಿದ್ದ ಅವನ ಮೊಬೈಲನ್ನು ಮೇಜಿನ ಮೇಲೆ ಎದುರಿನವನ ಕಡೆಗೆ ತಿರುಗಿಸಿಟ್ಟಳು. ಎಎಸ್‌ಐ ಶ್ರೀಶೈಲಪ್ಪ ಕಿಸೆಯಲ್ಲಿದ್ದ ಕನ್ನಡಕವನ್ನು ಮುಟ್ಟಲಿಲ್ಲ. ಕನ್ನಡಕ ಏರಿಸಿ, ಕುತ್ತಿಗೆ ಬಗ್ಗಿಸಿ, ಇಪ್ಪತ್ತೇಳು ವರ್ಷದ ಹೆಣ್ಣುಮಗಳ ಮುಂದೆ ಪಾಠ ಒಪ್ಪಿಸುವವನ ಹಾಗೆ ನಿಲ್ಲುವುದು ಅವನಿಂದ ಆಗದು. ನಿವೃತ್ತಿಗೆ ಇನ್ನು ಎರಡೇ ತಿಂಗಳು ಉಳಿದಿದ್ದವು.

ಮೂರು ದಿನದ ಹಿಂದೆ ಗೊಳಸಂಗಿಯಾಚೆಯ ಹಳೆಯ ಕಲ್ಲುಖಣಿಯಲ್ಲಿ, ಮುಳುಗಿದ್ದ ಪಂಪು ಎತ್ತಲು ನೀರಿಗಿಳಿದ ಅರುಣಕುಮಾರ ಹೆಣವಾಗಿ ಮೇಲೆ ಬಂದಿದ್ದ. ಆಕಸ್ಮಿಕವೆಂದು ಎಲ್ಲರೂ ಒಪ್ಪಿಕೊಂಡಿದ್ದ ಆ ಸಾವನ್ನು, ಅವನ ಮಣಿಕಟ್ಟಿನಲ್ಲಿದ್ದ ಗಡಿಯಾರ ಮಾತ್ರ ಒಪ್ಪಿಕೊಂಡಿರಲಿಲ್ಲ.

"ಕುರುಡ ಅಂದ್ರ ಏನ್ರಿ ಮೇಡಂ?"

"ಈ ವಾಚಿಗಿ ಆರು ಮೀಟರ್ ತನಕ ಅಷ್ಟ ಆಳ ತಿಳೀತೈತಿ. ಅದಕ್ಕಿಂತ ಕೆಳಗ ಇಳಿದ್ರ ಬರೀ ಅಡ್ಡಗೀಟು. ಏಳು ಮೀಟರೋ, ಎಪ್ಪತ್ತೋ, ಅದಕ್ಕ ಗೊತ್ತಾಗೂದಿಲ್ಲ."

"ಬೆನ್ನಿನ ಮ್ಯಾಲ ಐವತ್ತು ಮೀಟರ್ ಅಂತ ಕೆತ್ತೈತಲ್ರಿ? ಅವ ಊರ ತುಂಬ ಅದನ್ನ ತೋರಿಸ್ಕೋತ ಅಡ್ಡಾಡಿದ್ದ."

ಪಲ್ಲವಿ ನಗಲಿಲ್ಲ. "ಅದ ತಪ್ಪು ತಿಳುವಳಿಕಿ. ಐವತ್ತು ಅನ್ನೋದು ಒಳಗ ನೀರು ಹೋಗಬಾರದು ಅಂತ ಕಾರ್ಖಾನಿಯೊಳಗ ಒತ್ತಡ ಹಾಕಿ ನೋಡಿದ ಲೆಕ್ಕ. ಕಟ್ಟಿಕೊಂಡಾವ ಐವತ್ತು ಮೀಟರ್ ಇಳೀಬಹುದು ಅಂತಲ್ಲ. ಕೊಡೂವಾಗ ನಾ ಅವಂಗ ಬಿಡಿಸಿ ಹೇಳಿದ್ನಿ. ಆಳಕ್ಕ ಇಳಿಯಾಕ ಬ್ಯಾರೆ ಜಾತಿ ವಾಚ್ ಬೇಕು, ಇದ ಈಸಾಡವ್ರದ್ದು ಅಂತ."

'ಕೊಡೂವಾಗ' ಎಂಬ ಮಾತು ಶ್ರೀಶೈಲಪ್ಪನ ಎದೆಯೊಳಗೆ ಹಳೆಯ ಮುಳ್ಳಿನಂತೆ ಆಡಿತು.

ಎರಡು ತಿಂಗಳ ಹಿಂದಿನ ಮಾತು. ಮುದ್ದೇಬಿಹಾಳದ ಕಡೆಯ ಕಾಲುವೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಒಂದು ಹೆಣವನ್ನು ಅರುಣಕುಮಾರ ಒಂದೇ ಉಸಿರಿಗೆ ಮೇಲೆ ತಂದಿದ್ದ. ಮರುದಿನ ಠಾಣೆಯ ಅಂಗಳದಲ್ಲಿ ಎಲ್ಲರೆದುರು ಪಲ್ಲವಿ ತನ್ನ ಕೈಯಿಂದಲೇ ಈ ಗಡಿಯಾರ ಬಿಚ್ಚಿ ಅವನ ಕೈಗೆ ಕಟ್ಟಿದಳು. ಅವಳು ಇಂಡಿ ತಾಲೂಕಿನವಳು. ನೀರೇ ಇಲ್ಲದ ಸೀಮೆಯಲ್ಲಿ ಹುಟ್ಟಿ, ಮುರುಡೇಶ್ವರಕ್ಕೆ ಹೋಗಿ ಸಮುದ್ರದಲ್ಲಿ ಮುಳುಗುವುದನ್ನು ಕಲಿತು ಬಂದಿದ್ದಳು. ತನಗೆಂದು ನಲವತ್ತು ಮೀಟರಿನವರೆಗೆ ಆಳ ಹೇಳುವ ಹೊಸದೊಂದನ್ನು ತರಿಸಿಕೊಂಡಿದ್ದಳು. ಅದು ಎಷ್ಟು ಹೊತ್ತು ಕೆಳಗಿರಬಹುದು, ಎಷ್ಟು ನಿಧಾನವಾಗಿ ಮೇಲೇರಬೇಕು, ಎಲ್ಲಿ ತಡೆಯಬೇಕು ಎಂಬುದನ್ನೂ ಹೇಳುತ್ತಿತ್ತಂತೆ. ಮರುದಿನದ ಪತ್ರಿಕೆಯಲ್ಲಿ ಇಬ್ಬರ ಫೋಟೋ ಬಂತು.

ಆ ಫೋಟೋದಲ್ಲಿ ಇರದವನು ರಾವಸಾಬ. ಅರುಣಕುಮಾರನಿಗೆ ನೀರು ಕಲಿಸಿದ ಗುರು. ಮೂವತ್ತು ವರ್ಷ ಕೃಷ್ಣೆಯಿಂದ, ಬಾವಿಗಳಿಂದ, ಖಣಿಗಳಿಂದ ಪೊಲೀಸರಿಗೆ ಹೆಣ ಎತ್ತಿಕೊಟ್ಟವನು. ಆ ದಿನ ಒದ್ದೆ ಹಗ್ಗದ ಸುತ್ತನ್ನು ಹೆಗಲ ಮೇಲೆ ಹಾಕಿಕೊಂಡು ಬೇವಿನ ಗಿಡದ ಬುಡದಲ್ಲಿ ನಿಂತಿದ್ದ. ಅವನ ಮುಖವನ್ನು ನೋಡಿದವನು ಶ್ರೀಶೈಲಪ್ಪ ಒಬ್ಬನೇ. ನೋಡಿದ್ದಷ್ಟೇ ಅಲ್ಲ, ಗುರುತೂ ಹಿಡಿದಿದ್ದ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಕಣ್ಣು ಮುಚ್ಚಿದರೆ ತನ್ನೊಳಗೇ ಕಾಣುತ್ತಿದ್ದ ಮುಖ ಅದು.

"ವೇಳ್ಯಾ ನೋಡ್ರಿ," ಪಲ್ಲವಿ ಬೆರಳಿಟ್ಟು ತೋರಿಸಿದಳು. "ಹತ್ತು ಇಪ್ಪತ್ತಕ್ಕ ನೀರಿಗಿಳದಾನ. ಎರಡು ನಿಮಿಷದಾಗ ಆರು ಮೀಟರ್ ದಾಟ್ಯಾನ, ಗೆರಿ ಮಾಯ. ಹತ್ತು ನಲವತ್ತೊಂದಕ್ಕ ಗೆರಿ ಮತ್ತ ಬಂದೈತಿ. ಅಂದ್ರ ಮ್ಯಾಲ ಬಂದಾನ. ಮೂರು ಪಾಯಿಂಟ್ ಎಂಟು ಮೀಟರಿಗಿ ನಿಂತಾನ. ಹನ್ನೊಂದು ನಿಮಿಷ! ಹತ್ತು ಐವತ್ತೆರಡಕ್ಕ ಮತ್ತ ಕೆಳಗ. ಆಮ್ಯಾಲ ಹೆಣ ಎತ್ತೂತನಕ ಗೆರಿ ಇಲ್ಲ."

"ರಾವಸಾಬ ಹೇಳಿಕಿ ಕೊಟ್ಟಾನಲ್ರಿ..."

"ಏನಂತ ಕೊಟ್ಟಾನ? ಇಳಿದಾವ ಒಮ್ಮೆನೂ ಮ್ಯಾಲ ಬರಲಿಲ್ಲ, ನಾ ಹಗ್ಗದ ಮ್ಯಾಲಿನ ಕೈ ತಗೀಲಿಲ್ಲ ಅಂತ. ನಾಕು ಮೀಟರಿಗಿ ಬಂದ್ರ ಹಗ್ಗ ಸಡಲ ಆಗೂದಿಲ್ಲೇನ್ರಿ? ಕೈಯಾಗ ಹಿಡಿದಾವಗ ತಿಳಿಯೂದಿಲ್ಲೇನು? ಗಾಳಿ ಕೊಡೂ ಕೊಳವಿ ಕಂಪ್ರೆಸರಿನಿಂದ ಕಳಚಿತ್ತು. ಆ ಕ್ಲಿಪ್ಪ ತಾನಾಗೇ ಬಿಚ್ಚೂವಂಥದ್ದಲ್ಲ, ಯಾರೋ ಕೈಯಿಂದ ತಿರಿವ್ಯಾರ. ದಂಡಿ ಮ್ಯಾಲ ಇದ್ದಾವ ಅವನೊಬ್ಬನ. ಪಂಪಿನ ಮಾಲಕ ಸರಪಳಿ ತರಾಕ ಊರಿಗಿ ಹೋಗಿದ್ದ."

ಅವಳು ಎದ್ದು ಟೋಪಿ ತೆಗೆದುಕೊಂಡಳು. "ಐದು ಗಂಟಿಗಿ ರಾವಸಾಬನ್ನ ಇಲ್ಲಿಗಿ ಕರಕೊಂಡು ಬರ್ರಿ. ಬಾಗೇವಾಡಿಯಿಂದ ಸರ್ಕಲ್ ಸಾಹೇಬರೂ ಬರ್ತಾರ. ಇವತ್ತ ಅರೆಸ್ಟ್ ತೋರಸೂಣು. ನಾ ಕಾನ್ಸ್ಟೇಬಲ್ ಮುಬಿನಾನ್ನ ಕರಕೊಂಡು ಒಂದು ಕಡಿ ಹೋಗಿ ಬರ್ತೇನಿ."

ಅವಳು ಹೋದ ಮೇಲೆ ಶ್ರೀಶೈಲಪ್ಪ ಕನ್ನಡಕ ಹಾಕಿಕೊಂಡು ಅವಳು ಬಿಡಿಸಿಟ್ಟ ನಕ್ಷೆಯ ಪ್ರತಿಯನ್ನು ಎತ್ತಿಕೊಂಡ.

ಮೂರು ಪಾಯಿಂಟ್ ಎಂಟು.

ಮೀಟರಿನ ಲೆಕ್ಕ ಅವನಿಗೆ ಒಗ್ಗುತ್ತಿರಲಿಲ್ಲ. ಮನಸ್ಸಿನಲ್ಲೇ ಅಡಿ ಮಾಡಿದ. ಹನ್ನೆರಡೂವರೆ ಅಡಿ. ಆಮೇಲೆ ತನ್ನೆರಡು ತೋಳುಗಳನ್ನು ಅಗಲಿಸಿ ನೋಡಿಕೊಂಡ. ನೀರಿನವರು ಹಗ್ಗಕ್ಕೆ ಗಂಟು ಹಾಕುವುದು ಹೀಗೆಯೇ. ತೋಳು ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಒಂದು ಮಾರು, ಒಂದು ಮಾರಿಗೆ ಒಂದು ಗಂಟು. ರಾವಸಾಬ ಎತ್ತರದ ಆಳು. ಅವನ ಮಾರು ಆರು ಅಡಿ ದಾಟುತ್ತದೆ.

ಎರಡು ಮಾರು. ಎರಡನೆಯ ಗಂಟು!

 ಮೂವತ್ತು ವರ್ಷ ದಂಡೆಯ ಮೇಲೆ ನಿಂತು ಅವನು ನೋಡಿದ್ದು ಅದನ್ನೇ. ಆಳಕ್ಕೆ ಇಳಿದವನು ಒಂದೇ ಸಲಕ್ಕೆ ಮೇಲೆ ಬರುವುದಿಲ್ಲ, ಒಮ್ಮೆಲೇ ಒತ್ತಡ ಇಳಿದರೆ ಮೈಗೆ ಅಪಾಯ. ಎರಡನೆಯ ಗಂಟಿಗೆ ಬಂದು ಹಗ್ಗ ಹಿಡಿದು ನಿಲ್ಲುತ್ತಾನೆ. ದಂಡೆಯ ಮೇಲಿನವನು ಒಂದು ಎಲೆಯಡಿಕೆ ಹಾಕಿಕೊಂಡು, ಅದು ಬಾಯಲ್ಲಿ ಕರಗುವವರೆಗೆ ಕಾದು, ಆಮೇಲೆ ಹಗ್ಗವನ್ನು ಒಂದು ಸಲ ಜಗ್ಗುತ್ತಾನೆ. ಒಂದು ಜಗ್ಗಿದರೆ 'ಮೇಲೆ ಬಾ'. ಎರಡು ಜಗ್ಗಿದರೆ 'ಕ್ಷೇಮವೇ'. ಮೂರು ಜಗ್ಗಿದರೆ 'ಕೆಲಸ ಮುಗಿದಿಲ್ಲ, ಮತ್ತೆ ಇಳಿ'. ನೀರೊಳಗಿನವನು ತನ್ನ ಬುದ್ಧಿ ಓಡಿಸಬಾರದು; ಹಗ್ಗ ಹೇಳಿದಂತೆ ಕೇಳಬೇಕು. ಗುರು ಶಿಷ್ಯನಿಗೆ ಮೊದಲು ಕಲಿಸುವುದೇ ಇದು.

ಹಾಗಾದರೆ ಅರುಣಕುಮಾರ ಆ ಹನ್ನೊಂದು ನಿಮಿಷ ಯಾರ ಜೊತೆಯೂ ಸೆಣಸಾಡಲಿಲ್ಲ. ಕೆಲಸ ಮುಗಿಸಿ, ಮೇಲೆ ಕರೆಯುವ ಒಂದೇ ಒಂದು ಜಗ್ಗಿಗಾಗಿ ಕಾದ. ಬಂದದ್ದು ಮೂರು. ಅವನು ಇಳಿದ. ಅವನು ಕೆಳಗಿದ್ದಾಗ ಯಾರೋ ಗಾಳಿ ಬಿಚ್ಚಿದರು.

ಮೇಡಂಗೆ ಇದು ತಿಳಿದಿರಲಿಲ್ಲ. ನಲವತ್ತು ಮೀಟರಿನ ಗಡಿಯಾರಕ್ಕೂ ತಿಳಿದಿರಲಿಲ್ಲ.

ಅವಳ ಜೀಪು ಇನ್ನೂ ಗೇಟಿನಲ್ಲೇ ಇತ್ತು. ಕಿಟಕಿಯಿಂದ ಕೂಗಿದರೆ ಸಾಕಿತ್ತು. ಶ್ರೀಶೈಲಪ್ಪ ಕೂಗಲಿಲ್ಲ. ಕಾಗದ ಮಡಿಚಿ ಕಿಸೆಗೆ ಹಾಕಿಕೊಂಡು ಮೋಟಾರ್ ಸೈಕಲ್ಲಿನ ಕೀಲಿ ತೆಗೆದುಕೊಂಡ. ಐದು ಗಂಟೆಗೆ ಸರ್ಕಲ್ ಸಾಹೇಬರ ಮುಂದೆ ಇದನ್ನು ಬಿಚ್ಚಿಡುವವನು ತಾನು. ಬಾಯಿ ಬಿಟ್ಟುಕೊಂಡು ಕೇಳುವವಳು ಅವಳು. ಯೋಚಿಸಿದರೇ ಬಾಯಿಗೆ ಸಿಹಿ ಹಾಕಿದಂತಾಯಿತು. ಹೋದ ವರ್ಷ ತೀರಿಕೊಂಡ ಗುರವ್ವ ಇದ್ದಿದ್ದರೆ ಗಂಡನ ಮುಖ ನೋಡಿಯೇ ಬೈಯುತ್ತಿದ್ದಳು. 'ವಿಭೂತಿ ಹಚ್ಚಿದ ಹಣಿ ಅದು, ಒಳಗ ಏನ್ ಇಟ್ಕೊಂಡು ಹೊಂಟೀರಿ?' ಎನ್ನುತ್ತಿದ್ದಳು. ಬೈಯುವವರಿಲ್ಲದ ಮನೆಯಲ್ಲಿ ಮನುಷ್ಯ ಎಷ್ಟು ಬೇಗ ಕೆಡುತ್ತಾನೆ ಎಂದು ಅವನಿಗೆ ಈಚೆಗೆ ಅನಿಸುತ್ತಿತ್ತು.

*

ರಾವಸಾಬನ ಊರು ನೀರಿನಡಿಯಲ್ಲಿ ಇತ್ತು. ಕೃಷ್ಣೆಯ ಹಿನ್ನೀರು ಏರಿದಾಗ ಊರಿಗೆ ಊರೇ ಎದ್ದು ಬಂದು ಸರಕಾರ ಹಾಕಿಕೊಟ್ಟ ಗೆರೆಯ ಮೇಲೆ ಮನೆ ಕಟ್ಟಿಕೊಂಡಿತ್ತು. ಮುಳುಗಿದ ಮನೆಗಳ ಬಾಗಿಲು, ಚೌಕಟ್ಟು, ತೊಲೆಗಳನ್ನು ಉಸಿರು ಕಟ್ಟಿ ಎತ್ತಿ ತಂದವನು ಆಗಿನ ಹರೆಯದ ರಾವಸಾಬ. ಆ ಓಣಿಯ ಅರ್ಧ ಮನೆಗಳಿಗೆ ಅವನು ಎತ್ತಿದ ಬಾಗಿಲುಗಳೇ ಇದ್ದವು.

ಅವನ ಹೆಂಡತಿ ಲಕ್ಕವ್ವ ಕಟ್ಟೆಯ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದಳು. ಖಾಕಿ ಕಂಡರೂ ಏಳಲಿಲ್ಲ.

"ಬರ್ರಿ ಸಾಹೇಬ್ರ. ಹೆಣ ಎತ್ತಾಕ ಕರೀಲಿಕ್ಕೆ ಬಂದೀರೋ, ಎತ್ತಿದಾವನ್ನ ಒಯ್ಯಾಕ ಬಂದೀರೋ?"

"ಮಾತಾಡಾಕ ಬಂದೇನವ್ವ."

"ನಿಮ್ಮ ಮೇಡಂ ಕಟ್ಟಿದ ಗಡ್ಯಾರ ಸಾಕ್ಷಿ ಹೇಳಾಕತ್ತೈತಂತ. ನನ್ನ ಗಂಡ ನಿಮ್ಮ ಸ್ಟೇಶನ್ನಿಗೆ ಮೂವತ್ತು ವರ್ಷ ಮೈ ತೋಯಿಸಿಕೊಂಡ, ಅವಂಗ ಒಂದು ಅಲಾರಾಮ್ ಆದ್ರೂ ಕೊಟ್ಟೀರೇನ್ರಿ?"

"ಶಾಲು ಹೊಚ್ಚಿದ್ವಲ್ಲ."

"ಹೊಚ್ಚಿದ್ರಿ. ಅದನ್ನ ಬೆಕ್ಕಿಗಿ ಹಾಸೀನಿ."

ಒಳಗಿನಿಂದ ರಾವಸಾಬ ಬಂದ. ಮೂರು ದಿನದಲ್ಲಿ ಹತ್ತು ವರ್ಷ ಮುದುಕನಾದವನಂತೆ ಕಂಡ. ಶ್ರೀಶೈಲಪ್ಪ ಅವನನ್ನು ಹಿತ್ತಲಿಗೆ ಕರೆದೊಯ್ದ. ಅಲ್ಲಿ ಗೂಟಕ್ಕೆ ಹಗ್ಗದ ಸುತ್ತು ನೇತುಬಿದ್ದಿತ್ತು. ಖಣಿಯ ಹಗ್ಗ ಠಾಣೆಯಲ್ಲಿತ್ತು, ಇದು ಮತ್ತೊಂದು.

"ರಾವಸಾಬ, ತೋಳು ಚಾಚು."

"ಯಾಕ್ರಿ?"

"ಚಾಚಂದ್ರ ಚಾಚೊ."

ಅವನು ಚಾಚಿದ. ಶ್ರೀಶೈಲಪ್ಪ ಹಗ್ಗದ ಎರಡು ಗಂಟುಗಳ ನಡುವಿನ ಅಳತೆಯನ್ನು ಅವನ ಬೆರಳಿನಿಂದ ಬೆರಳಿಗೆ ಹಿಡಿದು ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಎರಡನೇ ಗಂಟಿನಾಗ ಅರುಣ ಎಷ್ಟೊತ್ತು ನಿಂತಿದ್ದ?"

ಚಾಚಿದ ತೋಳುಗಳು ಹಾಗೇ ಉಳಿದವು. ಆಮೇಲೆ ನಿಧಾನವಾಗಿ ಇಳಿದವು.

"ನಿಂತಿರಲಿಲ್ಲರಿ. ಅವ ಮ್ಯಾಲ ಬರಲೇ ಇಲ್ಲ."

"ಹನ್ನೊಂದು ನಿಮಿಷ ನಿಂತಿದ್ದ. ಕೆಲಸ ಮುಗಿಸಿ ಬಂದು, ನೀ ಒಂದು ಜಗ್ಗತಿ ಅಂತ ಕಾದಾನ. ನೀ ಮೂರು ಜಗ್ಗಿದಿ. ಆ ಹುಡುಗ ನೀ ಕಲಿಸಿದ್ದನ್ನ ಮರೀಲಿಲ್ಲ, ಮರುಮಾತಿಲ್ಲದ ಇಳಿದ. ಇಳಿದಾವನ ಗಾಳಿ ತಗದಿ."

"ನಾನಾ?"

"ಮತ್ಯಾರು? ಮೇಡಂ ಅವಂಗ ಗಡ್ಯಾರ ಕಟ್ಟೂವಾಗ ನಿನ್ನ ಮುಖ ನೋಡೇನಿ ನಾ."

ರಾವಸಾಬ ತಲೆ ಎತ್ತಿ ಅವನನ್ನೇ ನೋಡಿದ. ಆಮೇಲೆ ಹೇಳಿದ: "ನಿಮ್ಮ ಮುಖಾನೂ ನಾ ನೋಡೇನ್ರಿ ಸಾಹೇಬ್ರ, ಅವತ್ತ."

ಶ್ರೀಶೈಲಪ್ಪ ಹಗ್ಗವನ್ನು ಮತ್ತೆ ಗೂಟಕ್ಕೆ ಹಾಕಿದ. ಗೋಡೆಯಾಚೆ ಲಕ್ಕವ್ವ ಮೊರ ತಟ್ಟುವ ಸದ್ದು ಕೇಳಿಸುತ್ತಿತ್ತು.

"ಹೊಟ್ಟಿಕಿಚ್ಚು ಇತ್ತು," ರಾವಸಾಬ ತಾನೇ ಮುಂದುವರಿಸಿದ. "ಇಲ್ಲ ಅನ್ನೂದಿಲ್ಲ. ಹೊಟ್ಟ್ಯಾಗಿನ ಮಗ ಹೆಂಗೋ ಹಂಗ ನೋಡಿಕೊಂಡಾವಗ ಹೊಟ್ಟಿಕಿಚ್ಚು ಪಟ್ಟೇನಿ. ಅವ ಬ್ಯಾರೆಯವ್ರ ಮುಂದ ಎತ್ತರಾಗಿದ್ರ ನಾ ಹಿಗ್ಗತಿದ್ನಿ. ಆ ಗಡ್ಯಾರ ಬಂದ ಮ್ಯಾಲ ಅವ ನನ್ನ ಮುಂದ ಎತ್ತರಾದ. ಅವತ್ತ ಮುಂಜಾನಿ ಏನಂದ ಗೊತ್ತೇನ್ರಿ? ಹಗ್ಗ ಇಳಿಬಿಟ್ಟು ನಾ ಒಂಬತ್ತು ಗಂಟು ಅಂದ್ನಿ. ಪಂಪಿನ ಮಾಲಕನ ಮುಂದ ನಕ್ಕೋತ ಅಂದ, 'ಕಾಕಾ, ನಿಮ್ಮ ಹಗ್ಗ ನಿಮ್ಮಂಗ ಮುದುಕ ಆಗೇತಿ, ಒಣಗಿದ್ರ ಒಂದು ಅಳತಿ, ತೊಯ್ದ್ರ ಒಂದು ಅಳತಿ. ವಾಚ್ ಖರೇ ಹೇಳತೈತಿ' ಅಂತ. ಮಾಲಕನೂ ನಕ್ಕ."

"ವಾಚಿಗಿ ಆರು ಮೀಟರಿನ ಕೆಳಗ ಕಣ್ಣ ಇರಲಿಲ್ಲ."

"ಏನಂದ್ರಿ?"

"ಮೂರು ಗಂಟು ದಾಟಿದ್ರ ಅದಕ್ಕ ಏನೂ ತಿಳೀತಿರಲಿಲ್ಲ. ಬರೀ ಗೀಟು ತೋರಸತಿತ್ತು. ಕೆಳಗಿನ ಆರು ಗಂಟು ಅವ ನಿನ್ನ ಹಗ್ಗದ ಮ್ಯಾಲ ಇಳದಾನ. ನಿನಗ ಹೇಳಿಲ್ಲ ಅಷ್ಟ."

 ರಾವಸಾಬ ಗೋಡೆಗೆ ಕೈ ಕೊಟ್ಟು ಕೆಳಗೆ ಕೂತ. ಅಳು ಬರಲಿಲ್ಲ, ನೀರಿನಿಂದ ಈಗಷ್ಟೇ ಎದ್ದವನ ಹಾಗೆ ಬಾಯಿ ತೆರೆದು ಉಸಿರು ಎಳೆದುಕೊಂಡ.

"ಕೊಂದೇನಿ ಅಂತ ಬರ್ಕೋರಿ ಸಾಹೇಬ್ರ," ಎಂದ ಕೊನೆಗೆ. "ನಡೀರಿ, ಬರ್ತೇನಿ."

ಶ್ರೀಶೈಲಪ್ಪ ಇಂಥ ಒಪ್ಪಿಗೆಗಳನ್ನು ಬಹಳ ಕೇಳಿದ್ದ. ತಪ್ಪು ಮಾಡಿದವನು ಒಪ್ಪುವಾಗ ಮೈ ಹಗುರಾಗುತ್ತದೆ. ಇವನು ಒಪ್ಪಿಕೊಂಡು ಇನ್ನಷ್ಟು ಕುಗ್ಗಿದ. ಇದಕ್ಕಿಂತ ದೊಡ್ಡದೊಂದನ್ನು ಬಚ್ಚಿಡಲು ಕೊಲೆಯನ್ನು ಮುಂದೆ ಹಿಡಿದಿದ್ದಾನೆ.

"ಎಷ್ಟು ಸಲ ಜಗ್ಗಿದಿ?"

"ಮೂರು... ನೀವ ಹೇಳಿದ್ರಲ್ಲ."

"ಯಾವ ಕೈಯಿಂದ ಕ್ಲಿಪ್ಪ ಬಿಚ್ಚಿದಿ? ಹಗ್ಗ ಎಲ್ಲಿ ಕಟ್ಟಿ ಕಂಪ್ರೆಸರಿಗಿ ಹೋದಿ?"

ರಾವಸಾಬ ಕಣ್ಣು ನೆಲಕ್ಕಿಳಿಸಿದ.

"ರಾವಸಾಬ, ನನ್ನ ಕಣ್ಣಾಗ ಕಣ್ಣಿಟ್ಟು ಹೇಳು. ಹಗ್ಗ ನಿನ್ನ ಕೈಯಾಗ ಇತ್ತೇನು?"

ಆಗ ಆ ದೊಡ್ಡ ದೇಹ ಒಮ್ಮೆಲೇ ಬಾಗಿತು. ರಾವಸಾಬ ಶ್ರೀಶೈಲಪ್ಪನ ಬೂಟಿನ ಮೇಲೆ ಕೈಯಿಟ್ಟ.

"ಅದೊಂದು ಕೇಳಬ್ಯಾಡ್ರಿ ಯಪ್ಪಾ. ಕೊಂದೆ ಅಂತ ಬರೀರಿ. ಹಗ್ಗ ಬಿಟ್ಟೆ ಅಂತ ಬರೀಬ್ಯಾಡ್ರಿ. ನಮ್ಮ ಮಂದ್ಯಾಗ ಖೂನಿ ಮಾಡಿದಾವನ ಮನ್ಯಾಗ ನಾಳೆ ನೀರರ ಕುಡೀತಾರ. ಒಬ್ಬ ನೀರೊಳಗ ಇರೂವಾಗ ಹಗ್ಗ ಬಿಟ್ಟಾವನ ಹೆಸರ ಯಾರೂ ಹಿಡಿಯೂದಿಲ್ಲ. ಅವನ ಹೆಣಾ ಸುದ್ಧಾ ಎತ್ತೂದಿಲ್ಲ."

ಬಿಟ್ಟಿದ್ದ. ಹಗ್ಗ ಬಿಟ್ಟಿದ್ದ!

ಒಂದೊಂದೇ ಮಾತಾಗಿ ಹೊರಬಂತು. ಮಾಲಕನ ನಗು ಕಿವಿಯಲ್ಲಿ ಸುತ್ತುತ್ತಲೇ ಇತ್ತು. ಅರುಣ ಇಳಿದ ಮೇಲೆ ಮಾಲಕ ಸರಪಳಿ ತರಲು ಹೋದ. ಹತ್ತೂವರೆಯ ಸುಮಾರಿಗೆ ಬುತ್ತಿ ಹೊತ್ತುಕೊಂಡು ಒಬ್ಬರು ಬಂದರು. 'ಅವನ ವಾಚ್ ಅವನ್ನ ಕಾಯ್ಲಿ' ಎಂದು ರಾವಸಾಬ ಆ ಕೈಗೆ ಹಗ್ಗ ಕೊಟ್ಟು, ಟ್ರ್ಯಾಕ್ಟರಿನ ಆಚೆ ಹೋಗಿ, ಖಣಿಗೆ ಬೆನ್ನು ಹಾಕಿ ಕೂತ. ಎಲೆಯಡಿಕೆ ಹಾಕಿಕೊಂಡ. ಬೇಕೆಂದೇ ಎರಡು ಸಲ ಹಾಕಿಕೊಂಡ. ಒಮ್ಮೆಲೇ ಗಾಳಿ ಬುಸ್ಸೆಂದು ಸೋರುವ ಸದ್ದು ಕೇಳಿ ಓಡಿ ಬಂದರೆ ಕೊಳವೆ ನೆಲದ ಮೇಲೆ ಹಾವಿನಂತೆ ಹೊರಳುತ್ತಿತ್ತು. ತಾನೇ ಹಾರಿ ಮುಳುಗಿದ. ಐದನೆಯ ಗಂಟಿನವರೆಗೆ ಹೋಗಿ ಉಸಿರು ಸಾಲದೆ ತಿರುಗಿದ. ಅರುಣನ ಕಾಲು ಪಂಪಿನ ಕೇಬಲ್ಲಿನಲ್ಲಿ ಸಿಕ್ಕಿತ್ತು ಎಂದು ತಿಳಿದದ್ದು ಆಮೇಲೆ.

"ಬುತ್ತಿ ತಂದವ್ರು ಯಾರು?"

"ಅವ್ರಿಗೇನೂ ಗೊತ್ತಿಲ್ರಿ. ಹೆದರಿ ನಡಗಾಕತ್ತಿದ್ಲು. ನೀ ಇಲ್ಲಿ ಬಂದ ಇಲ್ಲ, ಹಗ್ಗ ಮುಟ್ಟೇ ಇಲ್ಲ, ಮನಿಗಿ ಹೋಗು ಅಂತ ನಾನ ಕಳಿಸಿದ್ನಿ."

"ನಡಗಾಕತ್ತಿದ್ಲು ಅಂದಿ. ಹೆಣ್ಣುಮಗಳು."

ರಾವಸಾಬ ತುಟಿ ಕಚ್ಚಿಕೊಂಡ. ಮಾತು ಆಗಲೇ ಜಾರಿತ್ತು.

"ಸಾಕ್ಷಿ," ಎಂದ ಶ್ರೀಶೈಲಪ್ಪ.

ಅದು ಅರುಣಕುಮಾರನ ಹೆಂಡತಿಯ ಹೆಸರು. ಸಿಂದಗಿ ಕಡೆಯ ಹುಡುಗಿ, ಆಲಮೇಲದ ಕಬ್ಬಿನ ಗದ್ದೆಗಳ ನಡುವೆ ಬೆಳೆದವಳು. ಗಂಡನ ಮೊಬೈಲು ತೆರೆದುಕೊಟ್ಟವಳೂ ಅವಳೇ. ಹೆಣದ ಮುಂದೆ ಅವಳ ದುಃಖ ನೋಡಿ ಪಲ್ಲವಿ ತನ್ನ ಕೈಯಿಂದ ಅವಳಿಗೆ ನೀರು ಕುಡಿಸಿದ್ದಳು.

"ಆಕಿಗಿ ಜಗ್ಗೂ ಲೆಕ್ಕ ಗೊತ್ತೈತೇನು?"

"ಅರುಣನ ಕಲಿಸಿದ್ದರಿ, ಮದಿವ್ಯಾದ ಹೊಸದಾಗಿ. ದಂಡಿ ಮ್ಯಾಲ ಕುಂತು ಎರಡು ಜಗ್ಗಿ ನಗತಿದ್ಲು ಹುಡುಗಿ." ಹೇಳುತ್ತಿದ್ದಂತೆ ರಾವಸಾಬನ ಮುಖದ ಬಣ್ಣ ಇಳಿಯಿತು. "ಅಲ್ರಿ... ಮೂರು ಬಂದಾವ ಅಂದ್ರಿ ನೀವು. ತಪ್ಪಿ ಜಗ್ಗಿರಬೇಕು. ಗಾಬರ್ಯಾಗ."

"ಕ್ಲಿಪ್ಪೂ ತಪ್ಪಿ ಬಿಚ್ಚಿದಳೇನು?"

ರಾವಸಾಬ ಕಣ್ಣು ಮುಚ್ಚಿಕೊಂಡ. ಏನನ್ನೋ ನೆನಪಿನ ತಳದಿಂದ ಎತ್ತುತ್ತಿದ್ದ.

"ಹಗ್ಗ ಕೈಯಾಗ ತಗೊಳ್ಳೂವಾಗ ಒಂದು ಮಾತ ಕೇಳಿದ್ಲು. ನಾ ನಕ್ಕು ಬಿಟ್ಟಿದ್ನಿ."

"ಏನಂತ?"

"'ಕಾಕಾ, ನೀರೊಳಗ ಹೋದ್ರೂ ಆಕಿ ಕಳಸಿದ ಮೆಸೇಜು ಆ ವಾಚಿನಾಗ ಕಾಣ್ತಾವೇನು?' ಅಂತ."

ಶ್ರೀಶೈಲಪ್ಪ ಅಲ್ಲೇ ನಿಂತ. 'ಆಕಿ' ಯಾರೆಂದು ಕೇಳಬೇಕಾಗಿರಲಿಲ್ಲ. ಹೆಣ ಸಿಕ್ಕಾಗಲೆಲ್ಲ ಠಾಣೆಯಿಂದ ಅರುಣಕುಮಾರನಿಗೆ ಸಂದೇಶ ಹೋಗುತ್ತಿತ್ತು: ಎಲ್ಲಿಗೆ ಬರಬೇಕು, ಎಷ್ಟು ಆಳ, ಜಾಗ್ರತೆ. ಕಳಿಸುತ್ತಿದ್ದವಳು ಪಲ್ಲವಿ. ಅದು ಕೆಲಸ, ಅದರಲ್ಲಿ ಬೇರೇನೂ ಇರಲಿಲ್ಲವೆಂದು ಶ್ರೀಶೈಲಪ್ಪ ಪ್ರಮಾಣ ಮಾಡಿ ಹೇಳಬಲ್ಲ. ಆದರೆ ರೊಟ್ಟಿ ಬಡಿಯುವವಳ ಎದುರಿಗೆ, ಗಂಡನ ಮಣಿಕಟ್ಟಿನಲ್ಲಿ, ಬೇರೊಬ್ಬಳು ಕಟ್ಟಿದ ಗಡಿಯಾರದಲ್ಲಿ ಆ ಕಟ್ಟಿದವಳದೇ ಹೆಸರು ಬೆಳಗಿ ಬೆಳಗಿ ಆರುತ್ತಿತ್ತು. ಊಟದ ಹೊತ್ತಿಗೂ, ದೇವರ ಮುಂದೆ ಕೈ ಮುಗಿದ ಹೊತ್ತಿಗೂ. ಎರಡು ತಿಂಗಳು.

ಆ ಸಂಕಟದ ರುಚಿ ಅವನಿಗೆ ಗೊತ್ತಿತ್ತು. ಅದಕ್ಕೆ ಕಾರಣ ಬೇಕಾಗುವುದಿಲ್ಲ.

*

ಹಿತ್ತಲಿನಿಂದ ಮುಂದಿನಂಗಳಕ್ಕೆ ಬಂದಾಗ ನಾಲ್ಕು ಹತ್ತು. ಶ್ರೀಶೈಲಪ್ಪ ಮೊಬೈಲು ತೆಗೆದ. 'ಪಿಎಸ್‌ಐ ಮೇಡಂ' ಎಂಬ ಹೆಸರಿನ ಮೇಲೆ ಹೆಬ್ಬೆರಳು ನಿಂತಿತು.

ಈಗ ಹೇಳಿದರೆ ಅವಳು ಈಗಲೇ ಹೋಗಿ ಸಾಕ್ಷಿಯನ್ನು ಹಿಡಿಯುತ್ತಾಳೆ. ನಾಳೆ ಪತ್ರಿಕೆಯಲ್ಲಿ ಮತ್ತೆ ಅವಳ ಫೋಟೋ. ಎರಡನೆಯ ಗಂಟನ್ನು ಕಂಡುಹಿಡಿದ ಮುದುಕನ ಹೆಸರು ಎಲ್ಲಿಯೂ ಇರುವುದಿಲ್ಲ. ಐದು ಗಂಟೆಗೆ ಇನ್ನು ಐವತ್ತೇ ನಿಮಿಷ. ಸರ್ಕಲ್ ಸಾಹೇಬರು ಬರಲಿ.

"ಚಾ ಕುಡೀರಿ," ಲಕ್ಕವ್ವ ಲೋಟ ತಂದಿಟ್ಟಳು. "ವಿಷ ಹಾಕಿಲ್ಲ. ಸಕ್ಕರಿನೂ ಹಾಕಿಲ್ಲ, ಖರ್ಚಾಗೇತಿ."

ಅವನು ಮೊಬೈಲನ್ನು ಕಟ್ಟೆಯ ಮೇಲಿಟ್ಟು ಲೋಟ ಎತ್ತಿಕೊಂಡ. ಚಹ ಸುಡುತ್ತಿತ್ತು. ಊದಿ ಊದಿ ಕುಡಿದ. ಇಷ್ಟು ನಿಧಾನವಾಗಿ ಅವನು ಎಂದೂ ಚಹ ಕುಡಿದಿರಲಿಲ್ಲ.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ರಾವಸಾಬ ಅವನನ್ನೇ ನೋಡುತ್ತಿದ್ದ.

"ಮೇಡಂಗ ಹೇಳೂದಿಲ್ಲೇನ್ರಿ?"

"ಹೇಳತೇನಿ. ಸ್ಟೇಶನ್ನಿನಾಗ ಹೇಳಿದ್ರಾತು."

"ನಾನೂ ಹಂಗ ಅಂದ್ಕೊಂಡ ಎರಡನೇ ಎಲಿ ಹಾಕ್ಕೊಂಡ್ನಿ ಸಾಹೇಬ್ರ."

ಲೋಟದೊಳಗೆ ಇನ್ನೂ ಎರಡು ಗುಟುಕು ಇತ್ತು. ಶ್ರೀಶೈಲಪ್ಪ ಅದನ್ನು ಹಾಗೇ ಕೆಳಗಿಟ್ಟ. "ಗುರುಬಸವಾ," ಎಂದು ಮೆಲ್ಲಗೆ ಅಂದುಕೊಂಡು ಫೋನು ಹಚ್ಚಿದ.

ಬಹಳ ಹೊತ್ತು ರಿಂಗಾಯಿತು. ಆಮೇಲೆ ಯಾರೋ ಎತ್ತಿಕೊಂಡರು. ಮೊದಲು ಕೇಳಿಸಿದ್ದು ಎಂಜಿನ್ನಿನ ಸದ್ದು. ಟಗ್ ಟಗ್ ಟಗ್ ಎಂದು ಒಂದೇ ಸಮನೆ. ಜೀಪಿನದಲ್ಲ. ಕಂಪ್ರೆಸರಿನದು.

"ಹಲೋ, ಮೇಡಂ?"

"ಮೇಡಂ ಇಲ್ರಿ," ಎಂದಿತು ಹೆಣ್ಣಿನ ದನಿ. ಸಣ್ಣ, ಶಾಂತ ದನಿ. "ನಾ ಸಾಕ್ಷಿರಿ."

ಶ್ರೀಶೈಲಪ್ಪ ಎದ್ದು ನಿಂತ. "ನೀ... ಎಲ್ಲಿದ್ದೀ ಯವ್ವಾ?"

"ಖಣಿ ದಂಡಿ ಮ್ಯಾಲ ಅದೇನ್ರಿ. ಇವತ್ತ ಮೂರನೇ ದಿನ ಅಲ್ರಿ, ಅವ್ರು ಹೋದ ಜಾಗಾಕ್ಕ ಎಡಿ ಇಡಾಕ ಬಂದಿದ್ನಿ. ಮೇಡಂ ಇಲ್ಲೇ ಇದ್ರು. 'ನಿನ್ನ ಗಂಡ ನಿಂತಲ್ಲೇ ನಾ ನಿಂತು ನೋಡಬೇಕು, ಅಲ್ಲಿಂದ ದಂಡಿ ಕಾಣ್ತೈತೋ ಇಲ್ಲೋ' ಅಂತ ಹೇಳಿ ಕೊಳವಿ ಬಾಯಾಗ ಹಿಡಕೊಂಡು ಇಳದಾರ್ರಿ."

"ಮುಬಿನಾ ಎಲ್ಲಿ?"

"ಮ್ಯಾಲ ಜೀಪಿನ ಕಡೆ ಹೋಗ್ಯಾರ್ರಿ, ಟಾವೆಲ್ ತರಾಕ." ಸ್ವಲ್ಪ ತಡೆದು ಹೇಳಿದಳು: "ಹಗ್ಗ ಹಿಡಿಯಾಕ ಬರ್ತೈತೇನು ಅಂತ ಮೇಡಂ ನನ್ನ ಕೇಳಿದ್ರು. ಬರ್ತೈತ್ರಿ ಅಂದ್ನಿ."

 ರಾವಸಾಬ ಬಾಗಿಲು ಬಿಟ್ಟು ಹತ್ತಿರ ಬಂದಿದ್ದ. ಫೋನಿನಲ್ಲಿದ್ದ ಕಂಪ್ರೆಸರಿನ ಸದ್ದು ಅವನಿಗೂ ಕೇಳಿಸಿತ್ತು. ಅವನ ಕಣ್ಣುಗಳು ಅಗಲವಾದವು.

ದನಿ ಏರಬಾರದು. ಹೆದರಿಕೆ ತೋರಬಾರದು. ಖಣಿ ಇಲ್ಲಿಂದ ನಾಲ್ಕು ಮೈಲು.

"ಒಂದು ಅರ್ಜೆಂಟ್ ಕೆಲಸ ಬಂದೈತಿ ಯವ್ವಾ," ಎಂದ ಶ್ರೀಶೈಲಪ್ಪ, ಮಗಳೊಂದಿಗೆ ಮಾತಾಡುವಂತೆ. "ಮೇಡಂನ್ನ ಮ್ಯಾಲ ಕರಿ. ಹಗ್ಗ ಹಗೂರಕ ಒಂದ ಸಲ ಜಗ್ಗು. ಒಂದ ಸಲ ಅಷ್ಟ."

 ಟಗ್ ಟಗ್ ಟಗ್ ಮಾತ್ರ ಉಳಿಯಿತು.

"ಒಂದ ಸಲ ಜಗ್ಗಿದ್ರ ಮ್ಯಾಲ ಬರ್ತಾರ ಅಂತ ನಿಮಗ ಹೆಂಗ ಗೊತ್ತಾತ್ರಿ ಸಾಹೇಬ್ರ?" ಎಂದಳು ಸಾಕ್ಷಿ. ಅದೇ ಶಾಂತ ದನಿ. "ರಾವಸಾಬ ಕಾಕಾ ನಿಮ್ಮ ಬಾಜೂಕ ಅದಾನೇನ್ರಿ?"